ಕೊಡಲ್ಲ ಹೊನ್ನಕ್ಕ

ಮೊಳಕಾಲ್ಮೂರಿನ ಬಸ್ ಸ್ಟ್ಯಾಂಡಿನಿಂದ ಸರ್ಕಾರಿ ಆಸ್ಪತ್ರೆಗೆ ಹೋಗುವ ರಸ್ತೆಯಲ್ಲಿ ನನ್ನ ಟೇಲರ್ ಅಂಗಡಿ. ಎದುರುಗಡೆ ಔಷಧಿ ಅಂಗಡಿ. ನಡುವೆ ಹನ್ನೆರಡು ಹೆಜ್ಜೆ ರಸ್ತೆ. ಇಷ್ಟು ಹತ್ತಿರ ಕೂತು ಮಿಷನ್ ತುಳಿಯುವವನಿಗೆ ಎದುರಿನ ಅಂಗಡಿಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತದೆ. ನನಗಂತೂ ಬೇಡವೆಂದು ಯಾವತ್ತೂ ಅನ್ನಿಸಿಲ್ಲ. ಹಾಗಾಗಿ ಹೊನ್ನಕ್ಕನ ಬಗ್ಗೆ ಬೇರೆಯವರು ಹೇಳುವುದನ್ನು ನೀವು ಅರ್ಧ ನಂಬಿ, ನಾನು ಹೇಳುವುದನ್ನು ಪೂರ್ತಿ ನಂಬಿ.

ಆಕೆ ಕೊಂಡ್ಲಹಳ್ಳಿಯವಳು. ಅಪ್ಪ ಅವ್ವ ಇಬ್ಬರೂ ಕೂಲಿ. ಹಾಸ್ಟೆಲ್ಲಿನಲ್ಲಿದ್ದು ಓದಿ, ಚಿತ್ರದುರ್ಗದಲ್ಲಿ ಡಿ.ಫಾರ್ಮಾ ಮುಗಿಸಿದಳು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವಳಾದರೂ ಹುಟ್ಟಿದಾಗಲೇ ಅಕ್ಕ ಎಂದು ಹೆಸರಿಟ್ಟುಬಿಟ್ಟಿದ್ದರಿಂದ ಊರಿನ ಮುದುಕರಿಗೂ ಅಕ್ಕನೇ ಆದಳು.

ಎದುರಿನ ಅಂಗಡಿಯ ಮಾಲೀಕರು ಜಯದೇವಪ್ಪ ಎಂಬ ಸಾಹುಕಾರರು. ಚಳ್ಳಕೆರೆಯಲ್ಲಿ ಅವರಿಗೆ ಎಣ್ಣೆ ಮಿಲ್ಲಿತ್ತು, ಅಲ್ಲೊಂದು ಇಲ್ಲೊಂದು ಔಷಧಿ ಅಂಗಡಿಯೂ ಇತ್ತು. ಅವರಿಗೆ ಶೇಂಗಾ ಗೊತ್ತು, ಹಿಂಡಿ ಗೊತ್ತು, ಔಷಧಿ ಗೊತ್ತಿಲ್ಲ. ಆದರೆ ಕಾನೂನಿನ ಪ್ರಕಾರ ಔಷಧಿ ಅಂಗಡಿಯಲ್ಲಿ ಓದಿದವರ ಸರ್ಟಿಫಿಕೇಟ್ ನೇತು ಹಾಕಿರಬೇಕು. ಆಗ ಎಲ್ಲ ಕಡೆ ನಡೆಯುತ್ತಿದ್ದದ್ದು ಏನೆಂದರೆ, ಓದಿದವರ ಸರ್ಟಿಫಿಕೇಟನ್ನು ಬಾಡಿಗೆಗೆ ತಂದು ಗೋಡೆಗೆ ಹೊಡೆಯುವುದು. ಓದಿದವರು ತಮ್ಮ ಮನೆಯಲ್ಲಿ, ಅವರ ಸರ್ಟಿಫಿಕೇಟ್ ಅಂಗಡಿಯಲ್ಲಿ. ಔಷಧಿ ಕೊಡುತ್ತಿದ್ದವರು ಸಾಹುಕಾರರ ಕಡೆಯ ಯಾರೋ ನೆಂಟರು.

ತೊಂಬತ್ತಾರರಲ್ಲಿ ಜಯದೇವಪ್ಪನವರು ಹೊನ್ನಕ್ಕನ ಮನೆಗೂ ಹಾಗೇ ಹೇಳಿ ಕಳಿಸಿದ್ದರು. "ನೀನು ಬರೋದೇನೂ ಬ್ಯಾಡಮ್ಮ, ನಿನ್ನ ಸರ್ಟಿಫಿಕೇಟ್ ಬಂದ್ರೆ ಸಾಕು." ಒಂದನೇ ತಾರೀಕು ಬೆಳಿಗ್ಗೆ ಹೊನ್ನಕ್ಕ ಫ್ರೇಮು ಹಾಕಿಸಿದ ಸರ್ಟಿಫಿಕೇಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿಳಿದಳು. ತಾನೇ ಮೊಳೆ ಹೊಡೆದು ನೇತು ಹಾಕಿದಳು. ಆಮೇಲೆ ಅದರ ಕೆಳಗೆ ಒಂದು ಕುರ್ಚಿ ಎಳೆದುಕೊಂಡು ಕೂತಳು.

"ಇದು ಎಲ್ಲಿರ್ತೈತೋ ನಾನೂ ಅಲ್ಲೇ ಇರ್ತೀನಿ ಸಾಹುಕಾರ್ರೆ. ಇಲ್ಲಿಂದ ಒಂದು ಮಾತ್ರೆ ಹೋದ್ರೂ ನನ್ನ ಹೆಸರಿನಾಗೆ ಹೋಗ್ತೈತೆ" ಅಂದಳು.

ಸಾಹುಕಾರರು ನೆಂಟನಿಗೆ ಕೈಸನ್ನೆ ಮಾಡಿದರು. ನೆಂಟ ಚಳ್ಳಕೆರೆಗೆ ವಾಪಸಾದ. ಅವತ್ತು ನಾನು ಒಂದು ರವಿಕೆಯ ತೋಳನ್ನು ತಿರುಗುಮುರುಗು ಹೊಲಿದಿದ್ದೆ.

ಒಂದು ವರ್ಷದೊಳಗೆ ಊರು ಆಕೆಗೆ ಕೊಡಲ್ಲ ಹೊನ್ನಕ್ಕ ಎಂದು ಹೆಸರಿಟ್ಟಿತು. ನಮ್ಮ ಕಡೆ ಮಾತ್ರೆ ಕೇಳುವ ರೀತಿ ನಿಮಗೆ ಗೊತ್ತಲ್ಲ. ಖಾಲಿ ಕವರ್ ತೋರಿಸಿ "ಇಂಥದ್ದೇ ಕೊಡು" ಎನ್ನುವುದು, ಭಾವಮೈದುನನಿಗೆ ವಾಸಿಯಾದ ಕೆಂಪು ಮಾತ್ರೆಯನ್ನು ಅತ್ತೆಗೂ ಕೇಳುವುದು. ಆಕೆ ಕೇಳುತ್ತಿದ್ದಳು: ಯಾರಿಗೆ, ಎಷ್ಟು ವಯಸ್ಸು, ಏನಾಗೈತೆ, ಬೇರೆ ಏನು ತಗೊಳ್ತಾರೆ. ಉತ್ತರ ಸರಿ ಬರದಿದ್ದರೆ "ಕೊಡಲ್ಲ". ರಾಯದುರ್ಗದ ಕಡೆಯವರು ಬಂದು ತೆಲುಗಿನಲ್ಲಿ ಕೇಳಿದರೆ ತೆಲುಗಿನಲ್ಲೇ "ಇವ್ವನು" ಅನ್ನುತ್ತಿದ್ದಳು. ಒಮ್ಮೆ ಡಾಕ್ಟರ ಚೀಟಿ ತಂದವನಿಗೂ ಕೊಡಲಿಲ್ಲ. ಮೂರು ವರ್ಷದ ಮಗುವಿಗೆ ದೊಡ್ಡವರ ಲೆಕ್ಕದಲ್ಲಿ ಬರೆದಿದ್ದರಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಅವನು ಬೈದುಕೊಂಡ. ಆಕೆ ಅಂಗಡಿ ಮುಚ್ಚಿ, ಅವನನ್ನು ಕರೆದುಕೊಂಡು ಚೀಟಿ ಬರೆದ ಡಾಕ್ಟರ ಹತ್ತಿರವೇ ನಡೆದಳು. ಡಾಕ್ಟರು ನೋಡಿ, ಹಣೆ ಒತ್ತಿಕೊಂಡು, ತಿದ್ದಿ ಕೊಟ್ಟರು.

ನನಗೂ ಆಕೆ ಕೊಟ್ಟಿರಲಿಲ್ಲ, ಅದನ್ನು ಮುಚ್ಚಿಡುವುದೇಕೆ? ಸೊಂಟನೋವಿಗೆ ಒಂದು ಸಣ್ಣ ಬಿಳಿ ಮಾತ್ರೆ ಸಿಗುತ್ತಿತ್ತು, ನುಂಗಿದರೆ ಇಪ್ಪತ್ತು ವರ್ಷದ ಹುಡುಗನಾಗುತ್ತಿದ್ದೆ. ಕೊಡಲ್ಲ ಅಂದಳು. ನಾನು ಸಿಟ್ಟಿನಿಂದ ಬೇರೆ ಊರಿಂದ ತರಿಸಿ ಆರು ತಿಂಗಳು ನುಂಗಿದೆ. ಮುಖ ಉಬ್ಬಿತು. ಗಂಡ ಮೈ ತುಂಬಿಕೊಂಡ ಎಂದು ಹೆಂಡತಿಗೆ ಖುಷಿಯೋ ಖುಷಿ. ಕೊನೆಗೆ ಹೊನ್ನಕ್ಕನೇ ರಸ್ತೆ ದಾಟಿ ಬಂದು ನನ್ನ ಮುಖ ನೋಡಿ, ಮಾತ್ರೆಯ ಹೆಸರು ಹೇಳಿಸಿ, "ಏಕ್ದಮ್ ಬಿಡಬ್ಯಾಡ್ರಿ, ಅದಕ್ಕೂ ಕ್ರಮ ಐತೆ, ನಡೀರಿ ಆಸ್ಪತ್ರೆಗೆ" ಎಂದು ಎಬ್ಬಿಸಿದಳು. ಆ ಮಾತ್ರೆಯಿಂದಲೇ ಸಕ್ಕರೆ ಕಾಯಿಲೆ ಶುರುವಾಗಿತ್ತು. ಅಂದಿನಿಂದ ನಾನು ಆಕೆಯ ಕಡೆಯವನು.

ಈಗ ಮುಖ್ಯ ಕಥೆಗೆ ಬರುತ್ತೇನೆ. ಅದು ತೊಂಬತ್ತೆಂಟನೇ ಇಸವಿ.

ಸಿದ್ದಾಪುರದ ಆಚೆ, ಬಂಡೆಗುಡ್ಡಗಳ ನಡುವೆ, ಕುರಿ ಸಾಕುವವರದ್ದೊಂದು ಹಟ್ಟಿ. ಯಜಮಾನ ಜುಂಜಣ್ಣ. ಆ ಹಟ್ಟಿಯಲ್ಲಿ ಹೆಂಗಸರು ತಿಂಗಳಿಗೊಮ್ಮೆ ಮುಟ್ಟಾದಾಗ ಬೇಲಿಯ ಹೊರಗೆ, ಹುಣಸೆಮರದ ಕೆಳಗಿನ ಗುಡಿಸಲಿನಲ್ಲಿ ಇರಬೇಕು. ಅದಕ್ಕೇ ಅದನ್ನು ಹೊರಗಾಗುವುದು ಎನ್ನುತ್ತಾರೆ. ಊಟವನ್ನು ಒಂದು ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿಯುತ್ತಾರೆ, ಹೊರಗಿರುವವಳು ಬಂದು ಎತ್ತಿಕೊಳ್ಳುತ್ತಾಳೆ. ವರ್ಷಕ್ಕೊಮ್ಮೆ ಹಟ್ಟಿ ದೇವರ ಹಬ್ಬ. ಹಬ್ಬದ ಹೊತ್ತಿಗೆ ಒಬ್ಬಳೂ ಹೊರಗಾಗಿರಬಾರದು. ಮುಖ್ಯವಾಗಿ ಯಜಮಾನರ ಮನೆಯ ಹಿರಿ ಸೊಸೆ ತಿಪ್ಪೇರುದ್ರಮ್ಮ, ಏಕೆಂದರೆ ದೇವರಿಗೆಂದು ಎತ್ತಿಟ್ಟ ಮೀಸಲು ಹಾಲಿನ ಗಡಿಗೆಯನ್ನು ಹೊರುವವಳು ಆಕೆಯೇ.

ಇದಕ್ಕೆ ಜುಂಜಣ್ಣ ಕಂಡುಕೊಂಡ ಉಪಾಯ, ಮುಟ್ಟು ಮುಂದಕ್ಕೆ ಹಾಕುವ ಮಾತ್ರೆ. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಇರುವಾಗ ಹಟ್ಟಿಯ ಅಷ್ಟೂ ಹೆಂಗಸರಿಗೆ ತಾನೊಬ್ಬನೇ ಬಂದು ತೆಗೆದುಕೊಂಡು ಹೋಗುತ್ತಿದ್ದ. ಕುರಿ ಎಣಿಸುವ ಹಾಗೆ ಕರಿ ಉಣ್ಣೆ ದಾರಕ್ಕೆ ಗಂಟು ಹಾಕಿ ತರುತ್ತಿದ್ದ. ಒಂದು ಗಂಟಿಗೆ ಒಬ್ಬ ಹೆಂಗಸು. ನಾಲ್ಕು ವರ್ಷದಿಂದ ಹೀಗೇ ನಡೆದಿತ್ತು. ಹಿಂದಿನ ವರ್ಷ ಮಾತ್ರ ಚಳ್ಳಕೆರೆ ಸಂತೆಗೆ ಹೋದಾಗ ಅಲ್ಲಿಯ ಅಂಗಡಿಯಲ್ಲೇ ತಂದಿದ್ದನಂತೆ. ಹಾಗಾಗಿ ಹೊನ್ನಕ್ಕನಿಗೆ ವಿಷಯ ಗೊತ್ತಿರಲಿಲ್ಲ.

ಆ ಗುರುವಾರ ಜುಂಜಣ್ಣ ಬಂದು ದಾರವನ್ನು ಕೌಂಟರಿನ ಮೇಲೆ ಇಟ್ಟ. ಹದಿನೇಳು ಗಂಟು.

"ಮುಂದಕ್ಕೆ ಹಾಕೋ ಮಾತ್ರೆ ಕೊಡವ್ವ. ಇಷ್ಟು ಜನಕ್ಕೆ."

ಹೊನ್ನಕ್ಕ ದಾರವನ್ನು ಎತ್ತಿ ನೋಡಿದಳು. ಮೊದಲನೇ ಗಂಟನ್ನು ಎರಡು ಬೆರಳಿನಲ್ಲಿ ಹಿಡಿದು, "ಇದು ಯಾರು ಯಜಮಾನ್ರೆ?" ಅಂದಳು.

"ಯಾರಾದ್ರೇನವ್ವ, ನಮ್ಮ ಹಟ್ಟಿಯ ಹೆಂಗಸು."

"ಎಷ್ಟು ವಯಸ್ಸು? ಕೊನೇ ಸಲ ಯಾವಾಗ ಹೊರಗಾಗಿದ್ರು? ಕೂಸಿಗೆ ಹಾಲು ಕುಡಿಸ್ತಾರಾ? ಕಾಲು ಊತ, ತಲೆನೋವು ಏನಾದ್ರೂ ಐತಾ?"

ಜುಂಜಣ್ಣನ ಮುಖ ಕೆಂಪಾಯಿತು. ಅರವತ್ತು ದಾಟಿದ ಗಂಡಸು. ಮನೆಯ ಸೊಸೆಯರ ಮುಖವನ್ನೇ ಸರಿಯಾಗಿ ನೋಡದೆ ಬಾಳಿದವನು. "ಅದನ್ನೆಲ್ಲ ಕೇಳ್ತಾರೇನವ್ವ? ಮಾನ ಮರ್ಯಾದೆ ಬ್ಯಾಡವಾ?"

"ಹಂಗಾದ್ರೆ ಅವರನ್ನೇ ಕಳಿಸ್ರಿ, ನಾನು ಕೇಳ್ತೀನಿ. ಗಂಟಿಗೆ ಮಾತ್ರೆ ಕೊಡಕ್ಕಾಗಲ್ಲ ಯಜಮಾನ್ರೆ. ಹೆಂಗಸಿಗೆ ಕೊಡ್ತೀನಿ."

ಆತ ದಾರ ಕಿತ್ತುಕೊಂಡು ಹೊರಟ. ಹೋಗುವಾಗ ನನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತು, "ದೇವರಿಗೇ ಅಡ್ಡ ಬಂದ್ಲಲ್ಲೋ ಟೇಲರ್!" ಅಂದ. ನಾನು ಅಳತೆ ಟೇಪು ಸುತ್ತುತ್ತಾ ತಲೆ ಬಗ್ಗಿಸಿದೆ. ಎದುರಾಡುವ ಧೈರ್ಯ ನನಗೆ ಅವತ್ತು ಇರಲಿಲ್ಲ.

ಶುಕ್ರವಾರ ಸಾಹುಕಾರರು ಚಳ್ಳಕೆರೆಯಿಂದ ಓಡಿ ಬಂದರು. ಜುಂಜಣ್ಣನ ಹಟ್ಟಿಯ ಶೇಂಗಾ ಎಲ್ಲ ಅವರ ಮಿಲ್ಲಿಗೇ ಬರುತ್ತಿತ್ತು, ಅಪ್ಪನ ಕಾಲದ ಸಂಬಂಧ. "ಊರಿಗೆಲ್ಲ ಒಂದು ದಾರಿ, ನಿನಗೊಂದು ದಾರಿ ಏನಮ್ಮ? ಎಲ್ಲ ಅಂಗಡಿಯಾಗೂ ಕೊಡ್ತಾರೆ" ಎಂದು ರಸ್ತೆಗೆ ಕೇಳುವಂತೆ ಕೂಗಿದರು.

"ಕೊಡ್ತಾರೆ. ಅದರಾಗೆ ಯಾರೋ ಒಬ್ಬಳು ಬಸುರಿ ಇದ್ರೆ? ಬಸುರಿಗೆ ಇದನ್ನ ಕೊಡಬಾರದು. ಹದಿನೇಳು ಜನದಾಗೆ ಒಬ್ಬಳೂ ಇಲ್ಲ ಅಂತ ಹೆಂಗೆ ಹೇಳ್ತೀರಿ?"

"ಅದೆಲ್ಲ ನಿನಗ್ಯಾಕೆ? ಭಾನುವಾರ ನಾನೇ ಚಳ್ಳಕೆರೆ ಅಂಗಡಿಯಿಂದ ಡಬ್ಬ ತಗೊಂಡು ಹಟ್ಟಿಗೆ ಹೋಗಿ ಕೊಟ್ಟು ಬರ್ತೀನಿ. ಸೋಮವಾರ ಬೆಳಿಗ್ಗೆ ಬರ್ತೀನಿ, ಅಷ್ಟೊತ್ತಿಗೆ ನಿನ್ನ ಸರ್ಟಿಫಿಕೇಟ್ ಇಳಿಸಿ ಇಟ್ಟಿರು. ನನಗೆ ಇನ್ನೊಂದು ಸಿಗ್ತೈತೆ."

ಅವರು ಹೋದ ಮೇಲೆ ಹೊನ್ನಕ್ಕ ಸರ್ಟಿಫಿಕೇಟಿನ ಧೂಳು ಒರೆಸಿ ಅದರ ಕೆಳಗೆ ಕೂತಳು. ಮನೆಯಲ್ಲಿ ಆಕೆಯ ಸಂಪಾದನೆಯೇ ಆಧಾರ, ಅದು ನನಗೆ ಗೊತ್ತಿತ್ತು. ಟೀ ತರಿಸಿಕೊಂಡು ಹೋಗಿ ಮುಂದಿಟ್ಟೆ. ಆಕೆ ಟೀ ಮುಟ್ಟದೆ ಕೇಳಿದಳು: "ಚಿನ್ನಯ್ಯಣ್ಣ, ನಿಮ್ಮ ಟಿವಿಎಸ್ ಗಾಡಿ ಭಾನುವಾರ ಸಿಗ್ತೈತಾ?"

"ಗಾಡಿ ಒಂದೇ ಯಾಕೆ, ನಾನೂ ಸಿಗ್ತೀನಿ" ಅಂದೆ. ಅಷ್ಟು ಧೈರ್ಯ ಆ ಎರಡು ದಿನದಲ್ಲಿ ಬಂದಿತ್ತು.

ಭಾನುವಾರ ಬೆಳಿಗ್ಗೆ ಏಳಕ್ಕೆ ಹೊರಟೆವು. ಹಟ್ಟಿ ತಲುಪಿದಾಗ ಬಿಸಿಲು ಇನ್ನೂ ಬಂಡೆಯ ನೆತ್ತಿಯಲ್ಲಿತ್ತು. ಹೊನ್ನಕ್ಕ ಹಟ್ಟಿಯ ಬಾಗಿಲಿಗೆ ಹೋಗಲೇ ಇಲ್ಲ. ನೇರವಾಗಿ ಹುಣಸೆಮರದ ಕೆಳಗೆ ಹೋಗಿ, ಹೊರಗಾಗಿ ಕೂತಿದ್ದ ನಾಲ್ವರು ಹೆಂಗಸರ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟಳು. ನಾನು ಗಾಡಿಯ ಜತೆ ದೂರದ ಜಾಲಿಮರದ ಹತ್ತಿರ ನಿಂತೆ.

ಸುದ್ದಿ ತಿಳಿದು ಜುಂಜಣ್ಣ ಕೋಲು ಹಿಡಿದು ಬಿರಬಿರನೆ ಬಂದ. ಓಡಿಸಿಬಿಡುತ್ತಾನೆ ಅಂದುಕೊಂಡೆ. ಹೊನ್ನಕ್ಕ ಕೂತಲ್ಲಿಂದಲೇ ಕೈ ಎತ್ತಿದಳು.

"ಅಲ್ಲೇ ನಿಲ್ರಿ ಯಜಮಾನ್ರೆ. ಹತ್ರ ಬರಬ್ಯಾಡ್ರಿ. ನಾನೂ ಹೊರಗಾಗಿದ್ದೀನಿ."

ಜುಂಜಣ್ಣ ಹಾವು ತುಳಿದವನಂತೆ ನಿಂತ. ಮುಂದೆ ಬರುವ ಹಾಗಿಲ್ಲ, ಕೈ ಹಿಡಿದು ಎಬ್ಬಿಸುವ ಹಾಗಿಲ್ಲ, ಅಲ್ಲಿಂದ ಕಳಿಸುವ ಹಾಗೂ ಇಲ್ಲ, ಹೊರಗಾದವಳು ಇರಬೇಕಾದ ಜಾಗವೇ ಅದು! ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು ಸ್ವಲ್ಪ ಹೊತ್ತು ಬೈದ. ಆಮೇಲೆ ನನ್ನ ಕಡೆ ತಿರುಗಿ, "ಲೇ ಟೇಲರ್, ಆಯಮ್ಮನ್ನ ಗಾಡಿ ಮೇಲೆ ಕರ್ಕೊಂಡು ಬಂದಿದ್ದೀಯ. ನೀನೂ ಒಳಗೆ ಕಾಲಿಡಬ್ಯಾಡ" ಎಂದು ಹೊರಟುಹೋದ. ನನಗೆ ನಗು ತಡೆಯಲಾಗದೆ ಗಾಡಿಯ ಚಕ್ರ ನೋಡುವವನಂತೆ ಬಗ್ಗಿದೆ.

ಮುಂದಿನದ್ದನ್ನು ನಾನು ಕಂಡದ್ದು ದೂರದಿಂದ, ಕೇಳಿದ್ದು ಆಮೇಲೆ ಜುಂಜಣ್ಣನ ಹೆಂಡತಿ ಜುಂಜಮ್ಮನ ಬಾಯಲ್ಲಿ.

ಆ ಹಟ್ಟಿಯಲ್ಲಿ ಹೆಂಗಸರು ಮನಸ್ಸು ಬಿಚ್ಚಿ ಮಾತಾಡಲು ಇದ್ದ ಜಾಗ ಆ ಹುಣಸೆಮರದ ನೆರಳು ಒಂದೇ. ಗಂಡಸರ ಕಿವಿ ಅಲ್ಲಿಗೆ ಬರುತ್ತಿರಲಿಲ್ಲ. ಮೊದಲು ಅಲ್ಲಿದ್ದ ನಾಲ್ವರು ಮಾತಾಡಿದರು. ಆಮೇಲೆ ಊಟ ತರುವ ನೆಪದಲ್ಲಿ, ನೀರು ತರುವ ನೆಪದಲ್ಲಿ ಒಬ್ಬೊಬ್ಬರೇ ಒಳಗಿನಿಂದ ಬಂದು ಕಲ್ಲಿನ ಆಚೆ ಕೂತರು. ಹೊನ್ನಕ್ಕ ಒಬ್ಬೊಬ್ಬರನ್ನೇ ಕೇಳಿದಳು. ಒಬ್ಬಳಿಗೆ ಒಂದು ಮೀನಖಂಡ ಮಾತ್ರ ಊದಿ ಕೆಂಪಾಗಿತ್ತು, ಮುಟ್ಟಿದರೆ ನೋವು. ಮೂವರಿಗೆ ಹಾಲು ಕುಡಿಯುವ ಕೂಸು. ಇನ್ನೂ ದೊಡ್ಡವರೇ ಆಗದ ಎರಡು ಹೆಣ್ಣುಮಕ್ಕಳ ಹೆಸರಿನಲ್ಲೂ ಯಜಮಾನರು ಮುನ್ನೆಚ್ಚರಿಕೆಗೆಂದು ಗಂಟು ಹಾಕಿದ್ದರು.

ಜುಂಜಮ್ಮನೂ ಬಂದಳು. "ನಿಮಗೆ ಯಾವಾಗ ಆಗಿತ್ತವ್ವ?" ಎಂದರೆ, "ನಂದು ನಿಂತು ಆರು ವರ್ಷ ಆತು ತಾಯಿ" ಅಂದಳು.

"ಮತ್ತೆ ಮಾತ್ರೆ ಯಾಕೆ ತಿಂದ್ರಿ?"

"ಕೊಟ್ರು, ತಿಂದೆ."

ಹೊರಗಿದ್ದವರು ಒಳಗಿದ್ದವರು ಎಲ್ಲ ಸೇರಿ ನಕ್ಕ ಸದ್ದು ಜಾಲಿಮರದವರೆಗೂ ಬಂತು.

ಕೊನೆಗೆ ಬಂದವಳು ತಿಪ್ಪೇರುದ್ರಮ್ಮ. ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ಹೊನ್ನಕ್ಕ ಎರಡು ಸಲ ಕೇಳಿದ ಮೇಲೆ, ಹೊರಗಾಗಿ ನಲವತ್ತೈದು ದಿನ ದಾಟಿತು ಎಂದಳು. ಹಿಂದೆಯೂ ಹೀಗೆ ಹೆಚ್ಚು ಕಡಿಮೆ ಆಗುತ್ತಿತ್ತು, ಹಬ್ಬದ ದಿನವೇ ಆಗಿಬಿಟ್ಟರೆ ಏನು ಗತಿ ಎಂದು ಹೆದರಿ ಕೂತಿದ್ದಳು. ಆಕೆಗೆ ಇದ್ದದ್ದು ಅದೊಂದೇ ಹೆದರಿಕೆ. ಇನ್ನೊಂದು ಕಾರಣವೂ ಇರಬಹುದು ಎಂದು ಯೋಚಿಸುವುದನ್ನೇ ಬಿಟ್ಟು ಎಷ್ಟೋ ವರ್ಷವಾಗಿತ್ತು.

ಹೊನ್ನಕ್ಕ ಚೀಲದಿಂದ ಬಸಿರು ಪರೀಕ್ಷೆಯ ಒಂದು ಕಾರ್ಡು ತೆಗೆದು, ಊಟ ಇಡುವ ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿದಳು. ಹೇಗೆ ಮಾಡಬೇಕೆಂದು ಹೇಳಿಕೊಟ್ಟಳು. ತಿಪ್ಪೇರುದ್ರಮ್ಮ ಎತ್ತಿಕೊಂಡು ಹೋಗಿ, ಸ್ವಲ್ಪ ಹೊತ್ತಿಗೆ ಬಂದು ಅದೇ ಕಲ್ಲಿನ ಮೇಲೆ ಇಟ್ಟಳು. ಹದಿನಾರು ತಲೆಗಳು ಬಗ್ಗಿದವು. ಒಂದು ಗೆರೆ ಮೂಡಿತು. ಆಮೇಲೆ ಎರಡನೆಯದೂ ಮೂಡಿತು.

"ಎರಡು ಅಂದ್ರೆ ಏನಕ್ಕ?"

"ಬಸುರಿ ಅಂತ. ನಾಳೆ ಡಾಕ್ಟರಮ್ಮನ ಹತ್ರ ಬಾ, ಅವರು ನೋಡಿ ಗಟ್ಟಿಮಾಡ್ತಾರೆ."

ತಿಪ್ಪೇರುದ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಕೇಳಿದಳು: "ಇಷ್ಟು ವರ್ಷ ಆಗದಿದ್ದದ್ದು ಆ ಮಾತ್ರೆಯಿಂದಲೇನಕ್ಕ?"

ಹೌದು ಅಂದಿದ್ದರೆ ಅವತ್ತು ಹೊನ್ನಕ್ಕ ಸುಲಭವಾಗಿ ಗೆಲ್ಲುತ್ತಿದ್ದಳು. ಆಕೆ ಹೇಳಿದ್ದು, "ಗೊತ್ತಿಲ್ಲ ತಾಯಿ. ಗೊತ್ತಿಲ್ಲದ್ದನ್ನ ನಾನು ಹೇಳಲ್ಲ. ಈಗ ಅದನ್ನ ತಿನ್ನಬಾರದು, ಅದಷ್ಟು ಗೊತ್ತು." ಇದನ್ನು ಕೇಳಿದಾಗ ನನಗೆ ಆಕೆಯ ಮೇಲೆ ಬಂದ ಗೌರವ, ಸಣ್ಣ ಬಿಳಿ ಮಾತ್ರೆ ಬಿಡಿಸಿದಾಗಲೂ ಬಂದಿರಲಿಲ್ಲ.

ಅಷ್ಟರಲ್ಲಿ ಧೂಳೆಬ್ಬಿಸಿಕೊಂಡು ಸಾಹುಕಾರರ ಜೀಪು ಬಂತು. ಜಯದೇವಪ್ಪನವರು ಡಬ್ಬ ಹಿಡಿದು ಇಳಿದರು. ಸಾಹುಕಾರರ ಬಲ ಸಿಕ್ಕ ಜುಂಜಣ್ಣ ಅವರ ಜತೆ ಮತ್ತೆ ಬಂದ. ಮತ್ತೆ ಇಪ್ಪತ್ತು ಹೆಜ್ಜೆ ದೂರದಲ್ಲೇ ನಿಂತ. ಸೊಂಟದಿಂದ ಗಂಟಿನ ದಾರ ತೆಗೆದು ಕಲ್ಲಿನ ಕಡೆ ಎಸೆದ.

"ತಗಾ! ಹದಿನೇಳು ಗಂಟು ಅವೆ. ಯಾವುದು ಬ್ಯಾಡ ಅಂತೀಯೋ ನೀನೇ ಬಿಚ್ಚು, ನೋಡಾಣ!"

ಸವಾಲು ಹಾಕಿದ್ದು ಹೊನ್ನಕ್ಕನಿಗೆ. ಎದ್ದವಳು ಜುಂಜಮ್ಮ. ಕಲ್ಲಿನ ಹತ್ತಿರ ಹೋಗಿ ದಾರ ಎತ್ತಿದಳು.

"ಲೇ, ಅದನ್ನ ಮುಟ್ಟಬ್ಯಾಡ, ಮೈಲಿಗೆ ಆತೈತೆ!"

"ಸ್ನಾನ ಮಾಡ್ಕೊಂತೀನಿ ಬಿಡು" ಎಂದು ಜುಂಜಮ್ಮ ಮೊದಲನೇ ಗಂಟಿಗೆ ಉಗುರು ಹಾಕಿದಳು. "ಇದು ನಂದು. ನಾನು ಹೊರಗೆ ಕೂತು ಆರು ವರ್ಷ ಆತು. ನಿನಗೆ ಗೊತ್ತಿಲ್ಲೇನು?" ಬಿಚ್ಚಿದಳು. ಇನ್ನಿಬ್ಬರು ಮುದುಕಿಯರದ್ದನ್ನು ಬಿಚ್ಚಿದಳು. "ಇವೆರಡು ಹುಡುಗೇರವು, ಇನ್ನೂ ಗೊಂಬೆ ಆಡೋ ಮಕ್ಕಳು." ಬಿಚ್ಚಿದಳು. ಕೂಸಿನ ತಾಯಂದಿರದ್ದು, ಕಾಲು ಊದಿದವಳದ್ದು ಬಿಚ್ಚಿದಳು. "ಇವು ನಾಲ್ಕು ಇಲ್ಲೇ ಕೂತಾರೆ ನೋಡು. ಇವತ್ತು ಹೊರಗಿರೋರು ಹತ್ತು ದಿನಕ್ಕೆ ಮತ್ತೆ ಹೊರಗಾಗ್ತಾರೇನು? ಕುರಿ ಈಯೋ ದಿನ ಬೆರಳ ಮೇಲೆ ಹೇಳ್ತೀಯಲ್ಲ, ಇದು ತಿಳಿಯಲಿಲ್ಲೇನು?"

ಜುಂಜಣ್ಣ ಸಾಹುಕಾರರನ್ನು ನೋಡಿದ. ಸಾಹುಕಾರರು ಡಬ್ಬ ನೋಡುತ್ತಿದ್ದರು.

ಕೊನೆಗೆ ದಾರದಲ್ಲಿ ನಾಲ್ಕು ಗಂಟು ಉಳಿದವು. ಜುಂಜಮ್ಮ ಒಂದನ್ನು ಹಿಡಿದು ತಿಪ್ಪೇರುದ್ರಮ್ಮನ ಕಡೆ ನೋಡಿದಳು.

"ಅದು ಹಿರಿ ಸೊಸೆದು" ಎಂದು ಜುಂಜಣ್ಣ ಕೂಗಿದ. "ಅದನ್ನ ಮಾತ್ರ ಬಿಚ್ಚಬ್ಯಾಡ. ಮೀಸಲು ಗಡಿಗೆ ಹೊರೋಳು ಅವಳು. ಅವಳು ಹೊರಗಾದ್ರೆ ಹಬ್ಬನೇ ನಿಲ್ತೈತೆ!"

ಆಗ ಹೊನ್ನಕ್ಕ ಎದ್ದು ನಿಂತಳು. "ಯಜಮಾನ್ರೆ, ಈ ಮಾತ್ರೆ ಹತ್ತು ದಿನ ಮುಂದಕ್ಕೆ ಹಾಕ್ತೈತೆ. ನಿಮ್ಮ ಸೊಸೆಗೆ ದೇವರೇ ಒಂಬತ್ತು ತಿಂಗಳು ಮುಂದಕ್ಕೆ ಹಾಕ್ಯಾನೆ. ಇನ್ನು ನಾನು ಕೊಡೋದೇನು?"

ಮಾತು ಅರ್ಥವಾಗಲು ಆತನಿಗೆ ಎಷ್ಟು ಹೊತ್ತಾಯಿತೆಂದರೆ, ಅಷ್ಟರಲ್ಲಿ ಜುಂಜಮ್ಮ ಗಂಟು ಬಿಚ್ಚಿ ಮುಗಿಸಿದ್ದಳು. ಜುಂಜಣ್ಣನ ಕೈಯಿಂದ ಕೋಲು ಜಾರಿತು. ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತು ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ ತೊದಲುತ್ತಾ ಕೇಳಿದ: "ಬಸುರಿ ಗಡಿಗೆ ಹೊರಬಹುದೇನೇ?"

"ಯಾಕೆ ಹೊರಬಾರದು?" ಅಂದಳು ಜುಂಜಮ್ಮ. "ದೇವರಿಗೆ ಈ ಸಲ ಇಬ್ಬರು ಹೊತ್ತಂಗೆ ಆತೈತೆ."

ಜುಂಜಣ್ಣ ಎದ್ದ. ಸಾಹುಕಾರರಿಗೆ ಕೈ ಮುಗಿದ. "ಆ ಡಬ್ಬ ವಾಪಸ್ ತಗೊಂಡು ಹೋಗ್ರಿ ಸಾಹುಕಾರ್ರೆ. ಯಾರಿಗೆ ಬೇಕು ಯಾರಿಗೆ ಬ್ಯಾಡ ಆಯಮ್ಮ ಹೇಳ್ಲಿ." ಜಯದೇವಪ್ಪನವರು ಇಂಗು ತಿಂದ ಮಂಗನಂತೆ ಜೀಪು ಹತ್ತಿದರು. ನಾನು ನಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ವಾಪಸು ಬರುವಾಗ ಹಾನಗಲ್ ಕ್ರಾಸಿನಲ್ಲಿ ಗಾಡಿ ನಿಲ್ಲಿಸಿ ಮೆಲ್ಲಗೆ ಕೇಳಿದೆ: "ಹೊನ್ನಕ್ಕ, ಹೊರಗಾಗಿದ್ದೀನಿ ಅಂದದ್ದು ನಿಜವೋ ಸುಳ್ಳೋ?"

"ಅದನ್ನ ಕೇಳೋದು ನನ್ನ ಕೆಲಸ ಚಿನ್ನಯ್ಯಣ್ಣ, ನಿಮ್ಮದಲ್ಲ" ಅಂದಳು. ನಾನು ಬಾಯಿ ಮುಚ್ಚಿಕೊಂಡು ಗಾಡಿ ಓಡಿಸಿದೆ.

ಮುಂದಿನ ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತರೆ ನೀವು ಬಿಡುವುದಿಲ್ಲ. ಹಬ್ಬದಲ್ಲಿ ತಿಪ್ಪೇರುದ್ರಮ್ಮ ಯಾವ ಮಾತ್ರೆಯೂ ಇಲ್ಲದೆ ಗಡಿಗೆ ಹೊತ್ತಳು. ತಿಂಗಳು ತುಂಬಿದಾಗ, ಹೆರಿಗೆಯನ್ನೂ ಬೇಲಿಯ ಹೊರಗೇ ಮಾಡಿಸುವ ಆ ಹಟ್ಟಿಯಿಂದ ಜುಂಜಣ್ಣನೇ ಜೀಪು ಮಾಡಿಕೊಂಡು ಸೊಸೆಯನ್ನು ಆಸ್ಪತ್ರೆಗೆ ಕರೆತಂದ. ಹೆಣ್ಣುಮಗು. ಕಾಲು ಊದಿದ್ದವಳಿಗೆ ರಕ್ತ ಹೆಪ್ಪುಗಟ್ಟಿದ್ದು ಗೊತ್ತಾಗಿ ಚಿತ್ರದುರ್ಗಕ್ಕೆ ಕಳಿಸಿದರು, ಅವಳು ಇವತ್ತಿಗೂ ಕುರಿ ಹಿಂದೆ ಗುಡ್ಡ ಹತ್ತುತ್ತಾಳೆ. ಗುಡಿಸಲು ಮಾತ್ರ ಹಾಗೇ ಇದೆ. ಎಲ್ಲವೂ ಒಂದೇ ಭಾನುವಾರ ಬದಲಾಯಿತು ಎಂದು ನಾನು ಬುರುಡೆ ಬಿಡುವುದಿಲ್ಲ.

ಆದರೆ ಸೋಮವಾರ ಇನ್ನೂ ಬಾಕಿ ಇತ್ತು.

ಸೋಮವಾರ ಬೆಳಿಗ್ಗೆ ಹೊನ್ನಕ್ಕ ಅಂಗಡಿ ತೆರೆದವಳೇ ಸ್ಟೂಲು ಹತ್ತಿ ಸರ್ಟಿಫಿಕೇಟ್ ಇಳಿಸಿದಳು. ಪೇಪರಿನಲ್ಲಿ ಸುತ್ತಿ ಕೌಂಟರಿನ ಮೇಲೆ ಇಟ್ಟಳು. ನಾನು ಓಡಿ ಹೋಗಿ, "ನೆನ್ನೆ ಅಷ್ಟೆಲ್ಲ ಆದ ಮೇಲೂ ಇದೇನಕ್ಕ?" ಅಂದೆ. "ಸಾಹುಕಾರ್ರು ಮಾತು ವಾಪಸ್ ತಗೊಂಡಿಲ್ಲವಲ್ಲ" ಅಂದಳು. ಕಣ್ಣು ಕೆಂಪಾಗಿತ್ತು, ಸ್ವರ ಮಾತ್ರ ನೆಟ್ಟಗಿತ್ತು.

ಹತ್ತು ಗಂಟೆಗೆ ಜಯದೇವಪ್ಪನವರು ಬಂದರು. ಪೇಪರಿನ ಕಟ್ಟನ್ನು ನೋಡಿದರು. ಬಂದು ಕೌಂಟರಿನ ಹಿಂದೆ ಕೂತರು. ಇರು ಎನ್ನಲು ದೊಡ್ಡಸ್ತಿಕೆ ಬಿಡದು, ಹೋಗು ಎನ್ನಲು ಬಾಯಿ ಬಾರದು. ಇಬ್ಬರೂ ಹಾಗೇ ಕೂತಿದ್ದರು. ರಸ್ತೆಯಲ್ಲಿ ಹೋಗುವವರೆಲ್ಲ ನಿಧಾನವಾಗಿ ನಡೆಯತೊಡಗಿದರು.

ಹನ್ನೊಂದರ ಹೊತ್ತಿಗೆ ಆಸ್ಪತ್ರೆ ಕಡೆಯಿಂದ ಹಟ್ಟಿಯ ಹೆಂಗಸರು ಬಂದರು. ಎಂಟು ಹತ್ತು ಜನ. ಅಂಗಡಿಯ ಮುಂದೆ ಅಷ್ಟು ಹೆಂಗಸರು ತಾವಾಗಿ ಬಂದು ನಿಂತದ್ದನ್ನು ನಾನು ಅದೇ ಮೊದಲು ಕಂಡದ್ದು. ಮುಂದೆ ಜುಂಜಮ್ಮ, ಕೈಯಲ್ಲಿ ಡಾಕ್ಟರಮ್ಮ ಬಸುರಿ ಸೊಸೆಗೆ ಬರೆದುಕೊಟ್ಟ ಚೀಟಿ. ಕೌಂಟರಿನಲ್ಲಿ ಸಾಹುಕಾರರು ಇದ್ದದ್ದರಿಂದ ಚೀಟಿಯನ್ನು ಅವರ ಕೈಗೇ ಕೊಟ್ಟಳು.

"ಇದನ್ನ ಊಟಕ್ಕೆ ಮುಂಚೆ ತಿನ್ನಬೇಕೋ, ಆಮೇಲೋ ಸಾಹುಕಾರ್ರೆ? ಒಂಬತ್ತು ವರ್ಷಕ್ಕೆ ನಿಂತಿರೋ ಬಸುರು. ಸರಿಯಾಗಿ ನೋಡಿ ಹೇಳ್ರಿ."

ಸಾಹುಕಾರರು ಕನ್ನಡಕ ಹಾಕಿಕೊಂಡರು. ಚೀಟಿಯನ್ನು ಆ ಕಡೆ ಈ ಕಡೆ ತಿರುಗಿಸಿದರು. ಕಪಾಟಿನ ಡಬ್ಬಗಳನ್ನು ನೋಡಿದರು. ತಿಪ್ಪೇರುದ್ರಮ್ಮ ಸೆರಗು ಹಿಡಿದು ಅವರ ಬಾಯನ್ನೇ ನೋಡುತ್ತಿದ್ದಳು. ಅವರ ಹಣೆಯಲ್ಲಿ ಬೆವರು ಬಂತು.

"ನನಗೇನು ಗೊತ್ತಾತೈತವ್ವ?" ಅಂದರು ಕೊನೆಗೆ. "ಔಷಧಿ ವಿಷಯ ಆಯಮ್ಮನ್ನೇ ಕೇಳಬೇಕು."

ಹೇಳಿದ ಮೇಲೆ ತಾವು ಏನು ಹೇಳಿದೆವೆಂದು ಅವರಿಗೇ ಕೇಳಿಸಿತು. ಎದ್ದರು. ಪೇಪರು ಬಿಚ್ಚಿ ಸರ್ಟಿಫಿಕೇಟ್ ಕೈಗೆತ್ತಿಕೊಂಡರು. ಪಂಚೆ ಎತ್ತಿ ಕಟ್ಟಿ, ಆ ದೊಡ್ಡ ಮೈಯನ್ನು ಹೊತ್ತುಕೊಂಡು ಸ್ಟೂಲು ಹತ್ತಿದರು. ನಾನು ರಸ್ತೆ ದಾಟಿ ಓಡಿ ಸ್ಟೂಲು ಹಿಡಿದುಕೊಂಡೆ. ಅವರು ಫ್ರೇಮನ್ನು ಮೊಳೆಗೆ ಸಿಗಿಸಿ, ಇಳಿಯಲು ಕಾಲು ಚಾಚಿದರು.

ಹೊನ್ನಕ್ಕ ಅವರು ಕೌಂಟರಿನ ಮೇಲೆ ಬಿಟ್ಟಿದ್ದ ಚೀಟಿ ಎತ್ತಿಕೊಳ್ಳುತ್ತಾ ತಲೆ ಎತ್ತಿ ನೋಡಿದಳು.

"ಎಡಗಡೆ ಸ್ವಲ್ಪ ಎತ್ತಬೇಕು ಸಾಹುಕಾರ್ರೆ" ಅಂದಳು.

ಅವರು ಎತ್ತಿದರು.